ಭರಮ ಅಗಸಿ ಬಾಗಿಲು ತೆಗೆದದ್ದು

ಮೂವತ್ತು ವರ್ಷಗಳಿಂದ ನಾನು ದಿನಾ ಬರೆಯುತ್ತಿದ್ದೇನೆ. ಆದರೆ ಇದು ನನ್ನದು ಎಂದು ತೋರಿಸಲು ಒಂದು ಸಾಲೂ ನನ್ನ ಹತ್ತಿರ ಇರಲಿಲ್ಲ. ಈ ಮಾತನ್ನು ಯಾರಾದರೂ ಸಾಹಿತಿ ಹೇಳಿದ್ದರೆ ವಿನಯ ಅಂದುಕೊಳ್ಳಬಹುದಿತ್ತು. ನಾನು ಹೇಳುತ್ತಿರುವುದು ನನ್ನ ಉದ್ಯೋಗದ ಸಂಗತಿ. ಕೊಪ್ಪಳದ ನೋಂದಣಿ ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ಒಂದು ಮೇಜು ಹಾಕಿಕೊಂಡು ಕುಳಿತಿರುವ ಪತ್ರ ಬರಹಗಾರ ನಾನು. ಜನರ ಬಾಯಲ್ಲಿ ಬಾಂಡ್ ರೈಟರ್. ಖರೀದಿ ಪತ್ರ, ದಾನಪತ್ರ, ಆಸ್ತಿ ಹಂಚಿಕೆಯ ವಾಟ್ನಿ ಪತ್ರ, ಮರಣಶಾಸನ, ಎಲ್ಲವೂ ಶುರುವಾಗುವುದು ‘ನಾನು’ ಎಂಬ ಪದದಿಂದಲೇ. ಆದರೆ ಆ ‘ನಾನು’ ನಾನಲ್ಲ, ಎದುರಿನ ಕುರ್ಚಿಯಲ್ಲಿ ಕುಳಿತು ಬೆವರು ಒರೆಸಿಕೊಳ್ಳುತ್ತಿರುವ ಮನುಷ್ಯ. ‘ನಾನು ಈಗ ವೃದ್ಧಾಪ್ಯದಲ್ಲಿದ್ದು, ನನ್ನ ಬುದ್ಧಿ ಸ್ತಿಮಿತದಲ್ಲಿರುವಾಗಲೇ’ ಎಂದು ಎಷ್ಟು ಸಲ ಬರೆದಿದ್ದೇನೆಂದರೆ, ಈಚೆಗೆ ನನ್ನ ಬುದ್ಧಿಯ ಬಗ್ಗೆ ನನಗೇ ಅನುಮಾನ ಬರತೊಡಗಿತ್ತು. ಆ ಅನುಮಾನ ಹುಸಿಯಲ್ಲ ಎಂಬುದಕ್ಕೆ ಸಾಕ್ಷಿಯಾಗಿ, ಐವತ್ತಾರನೆಯ ವಯಸ್ಸಿನಲ್ಲಿ ನಾನು ಜಾಲತಾಣದಲ್ಲಿ ಒಂದು ಐತಿಹಾಸಿಕ ಧಾರಾವಾಹಿ ಶುರುಮಾಡಿದೆ.

ಅದಕ್ಕೆ ಕಾರಣ ಒಂದು ಹೊಲ. ಖರೀದಿ ಪತ್ರದಲ್ಲಿ ಹೊಲದ ನಾಲ್ಕು ದಿಕ್ಕಿನ ಗಡಿ ಬರೆಯಬೇಕಾಗುತ್ತದೆ, ಅದಕ್ಕೆ ಚಕ್ಕುಬಂದಿ ಎನ್ನುತ್ತೇವೆ. ಒಬ್ಬ ರೈತರು ತಂದ ಹಳೆಯ ಕಾಗದದಲ್ಲಿ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ದಕ್ಷಿಣಕ್ಕೆ ದಾರಿ ಎಂದಿತ್ತು. ಉತ್ತರಕ್ಕೆ ‘ಕೋಟೆಯ ಕಂದಕ’ ಎಂದಿತ್ತು. ಕೋಟೆ ಎಲ್ಲಿದೆ ಎಂದು ಕೇಳಿದೆ. ಈಗ ಇಲ್ಲ, ಕಲ್ಲೆಲ್ಲ ಜನರ ಮನೆಗೋಡೆಗೆ ಹೋಗಿವೆ, ಕಂದಕದಲ್ಲಿ ನಾವು ಸೂರ್ಯಕಾಂತಿ ಬಿತ್ತುತ್ತೇವೆ ಎಂದರು. ಆ ಕೋಟೆಯಲ್ಲಿ ಯಾರಿದ್ದರು, ಹೇಗೆ ಬಿತ್ತು ಎಂದು ಕೇಳಿದರೆ ಅವರು ನನ್ನನ್ನು ನೋಡಿ, ಇದನ್ನೂ ಬರೆಯಬೇಕಾಗುತ್ತದೆಯೇ ಎಂದು ಗಾಬರಿಯಾದರು. ಬೇಡವೆಂದೆ. ಆದರೆ ಮನೆಗೆ ಬಂದವನು ಬರೆಯತೊಡಗಿದೆ. ಕರಿಗುಡ್ಡ ಎಂದು ಒಂದು ಗುಡ್ಡ ಕಟ್ಟಿದೆ, ಅದರ ಮೇಲೆ ಒಂದು ಕೋಟೆ, ಒಬ್ಬ ನಾಯಕ, ನಾಯಕನಿಗೆ ಒಬ್ಬಳು ಮಗಳು, ದಂಡೆತ್ತಿ ಬರಲು ಒಬ್ಬ ವೈರಿ. ಎಲ್ಲ ಹೆಸರೂ ನನ್ನದೇ ಸೃಷ್ಟಿ. ಪ್ರತಿ ಸೋಮವಾರ ಒಂದು ಕಂತು ಎಂದು ತೀರ್ಮಾನಿಸಿದೆ.

ಪುಟ ತೆರೆದುಕೊಟ್ಟವಳು ನನ್ನ ಹೆಂಡತಿ ಅನ್ನಪೂರ್ಣ. ಅವಳು ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಫೋನಿನ ವಿದ್ಯೆಯಲ್ಲಿ ನನಗಿಂತ ಬಹಳ ಮುಂದಿದ್ದಾಳೆ. ಗಣಿತದವರಿಗೆ ಕಥೆ ತೋರಿಸಬಾರದೆಂದು ನನಗೆ ಎರಡನೆಯ ಕಂತಿನಲ್ಲೇ ಗೊತ್ತಾಯಿತು. ನನ್ನ ದೂತ ಬೆಳಿಗ್ಗೆ ಕುಷ್ಟಗಿಯಲ್ಲಿ ರೊಟ್ಟಿ ತಿಂದು ಕುದುರೆ ಹತ್ತಿ, ಆನೆಗೊಂದಿಯಲ್ಲಿ ಹೊಳೆ ನೀರು ಕುಡಿಸಿ, ಮಧ್ಯಾಹ್ನದ ಊಟಕ್ಕೆ ಕರಿಗುಡ್ಡಕ್ಕೆ ಬಂದಿದ್ದ. ಅವಳು ಕನ್ನಡಕ ಮೇಲೆತ್ತಿ, ಅದು ಕುದುರೆಯೋ ಮೋಟರ್ ಸೈಕಲ್ಲೋ ಎಂದು ಕೇಳಿದಳು. ಶೃಂಗಾರದ ದೃಶ್ಯದ ಗತಿ ಇನ್ನೂ ಕಷ್ಟ. ನಾಯಕನ ಮಗಳು ಹೊಳೆದಂಡೆಯಲ್ಲಿ ನಿಂತಿದ್ದಾಳೆ ಎಂದು ಬರೆದೆ. ಕೈ ರೂಢಿ ಬಿಡಲಿಲ್ಲ. ಅವಳ ಪೂರ್ವಕ್ಕೆ ಹೊಳೆ, ಪಶ್ಚಿಮಕ್ಕೆ ಗುಡ್ಡ, ಉತ್ತರಕ್ಕೆ ಮಾವಿನ ಗಿಡ ಬಂದವು. ದಕ್ಷಿಣಕ್ಕೆ ಪ್ರಿಯಕರ ಬಂದ. ‘ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ’ ಅವಳು ಅವನ ಕೈ ಹಿಡಿದಳು. ಅನ್ನಪೂರ್ಣ ನಕ್ಕದ್ದು ಆ ಕಂತಿಗೆ ಮಾತ್ರ.

ಇನ್ನು ಪುಟದ ತಲೆಯ ಮೇಲೆ ನಾನು ಹಾಕಿದ ಸೂಚನೆ. ಅದರ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಈ ಕಥೆಯಲ್ಲಿ ಬರುವ ಹೆಸರು, ಊರು, ಘಟನೆಗಳೆಲ್ಲ ಕೇವಲ ಕಾಲ್ಪನಿಕವಾಗಿದ್ದು, ಈ ಬಗ್ಗೆ ಮುಂದೆ ಉಂಟಾಗಬಹುದಾದ ಯಾವುದೇ ತಂಟೆ ತಕರಾರಿಗೆ ನಾನಾಗಲಿ ನನ್ನ ವಾರಸುದಾರರಾಗಲಿ ಹೊಣೆಗಾರರಲ್ಲವೆಂದು ಬರೆದಿದ್ದೆ. ಮೂವತ್ತು ವರ್ಷ ಜನರ ತಕರಾರು ತಡೆಯುವ ವಾಕ್ಯ ಬರೆದವನಿಗೆ ತನ್ನ ತಕರಾರು ತಡೆಯುವುದು ಎಷ್ಟರ ಕೆಲಸ ಅಂದುಕೊಂಡಿದ್ದೆ.

ಓದುವವರು ಮಾತ್ರ ಕಡಿಮೆ. ನನ್ನ ಪಕ್ಕದ ಮೇಜಿನ ಬರಹಗಾರರು ಒಂದು ದಿನ ಕನಿಕರದಿಂದ, ಚಿತ್ರವಿಲ್ಲದ ಕಥೆಯನ್ನು ಫೋನಿನಲ್ಲಿ ಯಾರೂ ಓದುವುದಿಲ್ಲ, ಬೆರಳಿನಿಂದ ಮೇಲೆ ತಳ್ಳಿಬಿಡುತ್ತಾರೆ ಎಂದರು. ಹಾಗೆ ನನ್ನ ಕಥೆಯೊಳಗೆ ಹುಸೇನಸಾಬರು ಬಂದರು. ಒಂದು ಕಾಲಕ್ಕೆ ಕೊಪ್ಪಳದ ಅರ್ಧ ಅಂಗಡಿಗಳ ಬೋರ್ಡು ಅವರ ಕೈಯವು. ಲಾರಿಗಳ ಹಿಂದಿನ ಆಕಳು, ಗೋಡೆಗಳ ಮೇಲಿನ ಸರ್ಕಾರಿ ಘೋಷಣೆಗಳು, ಗೊಬ್ಬರದ ಜಾಹೀರಾತಿನ ದೊಡ್ಡ ತೆನೆಗಳು, ಎಲ್ಲ ಅವರವು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತಿತು. ಈಗ ಗಾಡಿಗಳ ನಂಬರ್ ಪ್ಲೇಟು, ಗೋರಿಗಲ್ಲಿನ ಹೆಸರು, ಇಷ್ಟರಲ್ಲೇ ಇದ್ದಾರೆ. ಅಷ್ಟು ಚೆಂದದ ಅಕ್ಷರ ಬರೆಯುವ ಮನುಷ್ಯನಿಗೆ ನಾನು ಮೊದಲ ಕಂತು ಓದಲು ಕೊಟ್ಟರೆ ಅವರು ಹಾಳೆಯನ್ನು ಹಿಂದಿರುಗಿಸಿ, “ನನಗ ಬರಿಯಾಕ ಬರತೈತ್ರಿ, ಓದಾಕ ಭಾಳ ತಡ ಆಗತೈತಿ, ನೀವ ಓದಿ ಹೇಳ್ರಿ,” ಎಂದರು. ಅಕ್ಷರಗಳು ಅವರಿಗೆ ಆಕಳು, ತೆನೆಗಳ ಹಾಗೆ ಇನ್ನೊಂದು ಬಗೆಯ ಚಿತ್ರ, ಅಷ್ಟೇ.

ಅಲ್ಲಿಂದ ಪ್ರತಿ ಗುರುವಾರ ಸಂಜೆ ಅವರು ಸೈಕಲ್ಲಿನಲ್ಲಿ ನಮ್ಮ ಮನೆಗೆ ಬರುವುದು, ಅನ್ನಪೂರ್ಣ ಚಹಾ ಕೊಡುವುದು, ನಾನು ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು ರೂಢಿಯಾಯಿತು. ಮೊದಮೊದಲು ಅವರ ಕುದುರೆಗೆ ಲಾರಿ ಹಿಂದಿನ ಆಕಳ ಕಣ್ಣು ಬರುತ್ತಿತ್ತು. ನಾಯಕನ ಮಗಳು ಸಾಬೂನಿನ ಜಾಹೀರಾತಿನಿಂದ ಎದ್ದು ಬಂದವಳ ಹಾಗಿದ್ದಳು. ಆದರೆ ನಾಲ್ಕೈದು ವಾರದಲ್ಲಿ ಅವರು ಬಣ್ಣ ಬಿಟ್ಟು ಬರೀ ಕರಿ ಶಾಯಿ ಹಿಡಿದರು. ಆಮೇಲೆ ಬಂದ ಚಿತ್ರಗಳನ್ನು ನೋಡಿ ನಾನು ನನ್ನ ಗದ್ಯದ ಬಗ್ಗೆ ಮಾತಾಡುವುದನ್ನು ಕಡಿಮೆ ಮಾಡಿದೆ. ಗುಡ್ಡದ ಬಂಡೆಗಲ್ಲು, ಅದರ ಸಂದಿಯಲ್ಲಿ ಮಲಗಿದ ಕಾವಲಿನವ, ರೊಟ್ಟಿ ಬಡಿಯುತ್ತಿರುವ ಮುದುಕಿಯ ಕೈ. ಜನ ಬೆರಳು ನಿಲ್ಲಿಸಿ ನೋಡತೊಡಗಿದರು. ನೋಡಿದವರಲ್ಲಿ ಕೆಲವರು ಓದತೊಡಗಿದರು.

ಹದಿನೇಳನೆಯ ಕಂತಿನಲ್ಲಿ ಕೋಟೆ ಬೀಳಬೇಕಾಗಿತ್ತು. ಕೋಟೆ ಬೀಳಲು ಸುಲಭದ ದಾರಿಯೆಂದರೆ ಒಳಗಿನವನೊಬ್ಬ ಬಾಗಿಲು ತೆಗೆಯುವುದು. ನಾನೂ ಸುಲಭದ ದಾರಿ ಹಿಡಿದೆ. ಅಗಸಿ ಬಾಗಿಲು, ಅಂದರೆ ಕೋಟೆಯ ಹೆಬ್ಬಾಗಿಲು ಕಾಯುವ ಭರಮ ಎಂಬವನನ್ನು ತಂದೆ. ವೈರಿಯ ಕಡೆಯವರು ಅವನಿಗೆ ಜಹಗೀರು ಕೊಡುತ್ತೇವೆಂದು ಆಸೆ ತೋರಿಸಿದರು, ಅವನು ಅಗುಳಿ ಸರಿಸಿದ. ಇಡೀ ದ್ರೋಹ ಒಂದೂವರೆ ಪುಟದಲ್ಲಿ ಮುಗಿಯಿತು. ಹುಸೇನಸಾಬರು ಕಣ್ಣು ಮುಚ್ಚಿ ಕೇಳಿ, ಮೂರು ದಿನಕ್ಕೆ ಚಿತ್ರ ತಂದರು. ನಡುವಯಸ್ಸು ದಾಟಿದ ಎತ್ತರದ ಮನುಷ್ಯ, ಅಗುಳಿಯ ಮೇಲೆ ಕೈ, ಹೆಗಲ ಮೇಲಿಂದ ತಿರುಗಿ ನಮ್ಮ ಕಡೆ ನೋಡುತ್ತಿದ್ದಾನೆ. ಒಂದು ಹುಬ್ಬು ಮೇಲಕ್ಕೆ ಏರಿದೆ, ಏನು ಬೇಕು ನಿಮಗೆ ಎಂದು ಕೇಳುವ ಹಾಗೆ. ಅಷ್ಟು ಜೀವಂತ ಮುಖ ಅವರ ಕೈಯಿಂದ ಅಲ್ಲಿಯವರೆಗೆ ಬಂದಿರಲಿಲ್ಲ.

ಆ ಚಿತ್ರ ಗಂಗಾವತಿಯಿಂದ ಹನುಮಸಾಗರದವರೆಗೆ ಓಡಾಡಿತು. ಪರಿಚಯವೇ ಇಲ್ಲದವರು ಭರಮನನ್ನು ಬೈದು ಬರೆದರು. ಇಂಥವರಿಂದಲೇ ನಾಡು ಹಾಳಾಯಿತು ಎಂದರು. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಮೂರನೆಯ ದಿನ ಯಾರೋ ಚಿತ್ರದ ಕೆಳಗೆ, ಇವ ನಮ್ಮ ಗೇಟ್ ಯಂಕಪ್ಪ ಅಲ್ಲೇನು ಎಂದು ಕೇಳಿದರು. ಹೌದು ಹೌದು ಅವನೇ ಎಂದು ಹಿಂದೆಯೇ ಹತ್ತು ಜನ ಬಂದರು. ನಮ್ಮನ್ನು ಬಿಸಿಲಿನಲ್ಲಿ ತಾಸುಗಟ್ಟಲೆ ನಿಲ್ಲಿಸಿದವ ವೈರಿಗೆ ಮಾತ್ರ ಲಗೂನ ತೆಗೆದನಲ್ಲ ಎಂದು ಒಬ್ಬರು ಬರೆದರು. ಅದನ್ನು ಓದಿ ನಾನು ಗಟ್ಟಿಯಾಗಿ ನಕ್ಕೆ. ಅಷ್ಟೇ ಅಲ್ಲ, ಆ ಮಾತಿನ ಕೆಳಗೆ ನಗುವ ಮುಖದ ಗುರುತನ್ನೂ ಒತ್ತಿದೆ. ಯಂಕಪ್ಪ ಯಾರೆಂದು ನನಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳಬೇಕೆಂದೂ ಅನ್ನಿಸಲಿಲ್ಲ. ಓದುಗರು ಹೆಚ್ಚಾಗುತ್ತಿದ್ದರು, ಅದು ಸಾಕಾಗಿತ್ತು.

ಎರಡು ವಾರದ ನಂತರ ಒಂದು ಮಂಗಳವಾರ ಮಧ್ಯಾಹ್ನ ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ನನ್ನ ಮೇಜಿನ ಎದುರು ಬಂದು ಕುಳಿತರು. ಹೆಸರು ರೇಣುಕಾ ಎಂದೂ ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆಂದೂ ಹೇಳಿದರು. ನಾನು ವಾಡಿಕೆಯಂತೆ ಪಹಣಿ ತಂದಿದ್ದೀರಾ ಎಂದು ಕೇಳಿದೆ. ಅವರು ಫೋನು ತೆಗೆದು ಭರಮನ ಚಿತ್ರ ತೋರಿಸಿದರು. ಇದು ನಮ್ಮಪ್ಪ ಎಂದರು. ರೈಲ್ವೆ ಗೇಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ದಿನಾ ಬೆಳಿಗ್ಗೆ ಊರಿನ ಹೋಟೆಲ್ಲಿಗೆ ಹೋಗಿ ಚಹಾ ಕುಡಿದು, ಪೇಪರು ಓದಿಸಿ ಕೇಳಿ ಬರುವುದು ಅವರ ರೂಢಿಯಂತೆ. ಚಿತ್ರ ಬಂದ ಮೇಲೆ ಹೋಟೆಲ್ಲಿನಲ್ಲಿ ಕೋಟೆ ಮಾರಿದವ ಬಂದ, ಜಹಗೀರದಾರ ಬಂದ, ಜಾಗ ಬಿಡ್ರಿ ಎಂದು ಚೇಷ್ಟೆ ಶುರುವಾಯಿತು. ಮೂರು ದಿನ ಕೇಳಿ, ನಾಲ್ಕನೆಯ ದಿನದಿಂದ ಹೋಗುವುದನ್ನು ಬಿಟ್ಟಿದ್ದರು. ಈಗ ಮನೆಯ ಹೊಸ್ತಿಲೇ ದಾಟುತ್ತಿಲ್ಲ, ಮಗಳ ಫೋನು ಇಸಿದುಕೊಂಡು ಆ ಚಿತ್ರವನ್ನೇ ನೋಡುತ್ತಾ ಕುಳಿತಿರುತ್ತಾರೆ.

ನಾನು ಏನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಅವರ ಫೋನನ್ನು ಇಸಿದುಕೊಂಡು, ಪುಟದ ತಲೆಗೆ ಹೋಗಿ, ನನ್ನ ಆ ಸೂಚನೆಯನ್ನು ತೋರಿಸಿದೆ. ರೇಣುಕಾ ಅದನ್ನು ಪೂರ್ತಿ ಓದಿದರು, ವಾರಸುದಾರರವರೆಗೂ. ಆಮೇಲೆ ನಿಧಾನವಾಗಿ ಹೇಳಿದರು: “ಹೆಸರು ಕಾಲ್ಪನಿಕ ಇರಬಹುದ್ರಿ. ಮುಖ ನಮ್ಮಪ್ಪಂದೈತಿ. ನೀವು ಬರಿಯೋ ಕಾಗದಕ್ಕ ಇಬ್ಬರ ಸಾಕ್ಷಿ ಸಹಿ ಬೇಕಂತೀರಿ, ಇದಕ್ಕ ಯಾರ ಸಾಕ್ಷಿ ಹಾಕಿಸಿದ್ರಿ?” ಅವರು ಕೂಗಾಡಲಿಲ್ಲ, ಚಿತ್ರ ತೆಗೆಯಿರಿ ಎಂದೂ ಹೇಳಲಿಲ್ಲ. ತಮ್ಮ ಊರಿನ ಹೆಸರು ಹೇಳಿ, ಒಂದು ಸಲ ಬಂದು ನೋಡಿ ಹೋಗಿ ಎಂದಷ್ಟೇ ಹೇಳಿ ಎದ್ದರು.

ಆ ಗುರುವಾರ ನಾನು ಕಂತು ಓದಲಿಲ್ಲ. ಹುಸೇನಸಾಬರಿಗೆ ನಡೆದದ್ದನ್ನು ಹೇಳಿ, ಇದು ಯಾರ ಮುಖ ಎಂದು ಕೇಳಿದೆ. ಅವರು ತಮ್ಮದೇ ಚಿತ್ರವನ್ನು ಮೊದಲ ಸಲ ನೋಡುವವರಂತೆ ನೋಡಿದರು. ಚಹಾದ ಕಪ್ಪು ಕೆಳಗಿಟ್ಟರು. ಗೋಡೆ ಬರೆಯುವ ಕಾಲದಲ್ಲಿ ವರ್ಷಗಟ್ಟಲೆ ಆ ಗೇಟಿನಲ್ಲಿ ನಿಂತಿದ್ದರಂತೆ, ಸೈಕಲ್ಲಿನ ಮೇಲೆ ನಿಚ್ಚಣಿಕೆ, ಹಿಡಿಕೆಗೆ ಬಣ್ಣದ ಡಬ್ಬಿ. ಗೇಟು ಹಾಕಿದ್ದಾಗ ನೋಡಲು ಬೇರೆ ಏನೂ ಇರುತ್ತಿರಲಿಲ್ಲ, ಹಸಿರು ಬಾವುಟ ಹಿಡಿದು ನಿಂತ ಆ ಮನುಷ್ಯನ ಮುಖ ಒಂದೇ. ಬಾಗಿಲು ಕಾಯುವವ ಎಂದು ನೀವು ಓದಿದಿರಿ, ನನ್ನ ಕೈ ಅವರನ್ನು ಬರೆಯಿತು, ನನಗೇ ಗೊತ್ತಾಗಲಿಲ್ಲ ಎಂದರು. ನಾನು ಸಮಾಧಾನಕ್ಕೆಂದು, ಸದ್ದಿಲ್ಲದೆ ಚಿತ್ರ ತೆಗೆದುಬಿಡೋಣ, ಒಂದು ವಾರದಲ್ಲಿ ಜನ ಮರೆಯುತ್ತಾರೆ ಎಂದೆ. ಅಡುಗೆಮನೆಯಿಂದ ಅನ್ನಪೂರ್ಣ, ಎಲ್ಲರ ಫೋನಿನಲ್ಲಿ ಇರುವುದನ್ನು ಹೇಗೆ ತೆಗೆಯುತ್ತೀರಿ ಎಂದು ಕೇಳಿದಳು. ಹುಸೇನಸಾಬರು, ನೀವು ಬಂದರೂ ಬರದಿದ್ದರೂ ನಾನು ಹೋಗುತ್ತೇನೆ ಎಂದರು. ಮೊದಲೇ ಹೇಳಬೇಕಾದ ಮಾತನ್ನು ಕೊನೆಗೆ ಹೇಳಿದವನು ನಾನು: ಇಬ್ಬರೂ ಹೋಗೋಣ.

ಭಾನುವಾರ ಬೆಳಿಗ್ಗೆ ನನ್ನ ಸ್ಕೂಟರಿನಲ್ಲಿ ಹೊರಟೆವು. ಆ ಗೇಟು ಈಗ ಇಲ್ಲ. ರೈಲು ಮೇಲೆ ಹೋಗುತ್ತದೆ, ಅಂಡರ್‌ಪಾಸಿನಲ್ಲಿ ನಾವು ಯಾರಿಗೂ ಕಾಯದೆ ಕೆಳಗೆ ದಾಟುತ್ತೇವೆ. ದಾರಿಯುದ್ದಕ್ಕೂ ನಾನು ಕ್ಷಮೆಯ ಮಾತು ಜೋಡಿಸುತ್ತಿದ್ದೆ. ಅದು ಎಷ್ಟು ಚೆನ್ನಾಗಿ ಕೂಡಿಬಂತೆಂದರೆ, ಯಂಕಪ್ಪನವರ ಮನೆಯ ಕಟ್ಟೆಯ ಮೇಲೆ ಕುಳಿತು ನಾನು ಹೇಳಿದಾಗ ಅದು ಅಚ್ಚುಕಟ್ಟಾದ ಹಕ್ಕುಬಿಡುಗಡೆ ಪತ್ರದಂತೆ ಕೇಳಿಸಿತು. ‘ತಿಳಿದೋ ತಿಳಿಯದೆಯೋ ತಮ್ಮ ಗೌರವಕ್ಕೆ ಉಂಟಾಗಿರಬಹುದಾದ ಧಕ್ಕೆಗೆ’ ಎಂದೆಲ್ಲ ಹೇಳಿದೆ. ಯಂಕಪ್ಪನವರು ಪೂರ್ತಿ ಕೇಳಿಸಿಕೊಂಡರು. ಚಿತ್ರದಲ್ಲಿದ್ದ ಮುಖವೇ, ಎತ್ತರದ ಬಡಕಲು ದೇಹ, ಬಿಳಿ ಮೀಸೆ, ಹುಟ್ಟಿನಿಂದಲೇ ಇರಬೇಕು ಆ ಏರಿದ ಹುಬ್ಬು. ಅವರು ಹುಸೇನಸಾಬರ ಕಡೆ ತಿರುಗಿ, ನೀನು ನಿಚ್ಚಣಿಕೆಯ ಪೇಂಟರ್ ಅಲ್ಲವೇ, ಗೇಟಿನ ಕೆಳಗೆ ನುಸುಳಬೇಡ ಎಂದು ನಿನಗೆ ಎಷ್ಟು ಸಲ ಬೈದಿದ್ದೇನೆ ಎಂದರು. ಹುಸೇನಸಾಬರು ತಲೆತಗ್ಗಿಸಿ, ಒಂದು ಸಲವೂ ನುಸುಳಲಿಲ್ಲವಲ್ಲರಿ ಎಂದರು. ಹೌದು, ನುಸುಳಲಿಲ್ಲ ಎಂದು ಯಂಕಪ್ಪನವರು ಒಪ್ಪಿಕೊಂಡರು. ಇಬ್ಬರೂ ಸ್ವಲ್ಪ ನಕ್ಕರು. ನಾನು ಜೋಡಿಸಿಕೊಂಡು ಹೋದ ಯಾವ ವಾಕ್ಯವೂ ಅಷ್ಟು ಕೆಲಸ ಮಾಡಿರಲಿಲ್ಲ.

ರೇಣುಕಾ ಚಹಾ ತಂದಿಟ್ಟ ಮೇಲೆ ಯಂಕಪ್ಪನವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. “ಅವ ಯಾಕ ತಗದ್ನಿರಿ?”

ಜಹಗೀರಿನ ಆಸೆಗೆ ಎಂದೆ. ಅವರು ತಲೆಯಾಡಿಸಿ, ಬಾಗಿಲು ಕಾಯುವವನು ಅದಕ್ಕೆಲ್ಲ ತೆಗೆಯುವುದಿಲ್ಲ ಎಂದರು. ಬಾಗಿಲು ಹಾಕಿ ಹಾಕಿ ಅವನ ಕೈಗೆ ಹಾಕುವುದೇ ರೂಢಿಯಾಗಿರುತ್ತದೆ. ತೆಗೆಯಬೇಕಾದರೆ ಹೊರಗೆ ಯಾರೋ ನಿಂತಿರಬೇಕು. ಆಮೇಲೆ, ನಾವು ಕೇಳದೆ, ಅವರೇ ಹೇಳಿದರು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನಡು ಮಧ್ಯಾಹ್ನ. ಗೂಡ್ಸ್ ಗಾಡಿ ಬರುವುದಿತ್ತು, ಗೇಟು ಹಾಕಿ, ಹಾಕಿದ್ದೇನೆಂದು ಸ್ಟೇಷನ್ನಿಗೆ ಫೋನಿನಲ್ಲಿ ಮಾತು ಕೊಟ್ಟು ಆಗಿತ್ತು. ಆಗ ಒಂದು ಟೆಂಪೋ ಬಂದು ನಿಂತಿತು. ಒಳಗೆ ಹೆರಿಗೆ ನೋವಿನ ಹೆಣ್ಣುಮಗಳು. ಅವಳ ಗಂಡ ಇಳಿದು ಬಂದು ಕೈಮುಗಿದ. ಹಳಿಯ ಮೇಲೆ ಕಣ್ಣು ಹಾಯುವವರೆಗೂ ಏನೂ ಕಾಣುತ್ತಿಲ್ಲ, ಅರ್ಧ ನಿಮಿಷ ಸಾಕು, ದಾಟಿಬಿಡುತ್ತೇವೆ ಎಂದ. ಆಮೇಲೆ ಕಾಲು ಹಿಡಿದ. ಕೀಲಿ ಯಂಕಪ್ಪನವರ ಕೈಯಲ್ಲಿತ್ತು. ತೆಗೆಯಲಿಲ್ಲ. ಗಾಡಿ ಆ ದಿನ ತಡವಾಗಿ ಬಂತು. ಬಂದು ಹೋಯಿತು, ಗೇಟು ತೆಗೆದರು, ಟೆಂಪೋ ಹೋಯಿತು. ಮರುದಿನ ಸುದ್ದಿ ಬಂತು. ಕೂಸು ಉಳಿದಿತ್ತು, ತಾಯಿ ಉಳಿದಿರಲಿಲ್ಲ.

“ತಗದಿದ್ರ ದಾಟತಿದ್ರು. ಆದ್ರ ಗಾಡಿ ತಡ ಐತಿ ಅಂತ ಅವತ್ತ ನನಗೇನು ಗೊತ್ತಿರಿ,” ಎಂದರು ಯಂಕಪ್ಪನವರು. “ಮ್ಯಾಲಿನ ಸಾಹೇಬ್ರು ಬಂದು, ಛಲೋ ಮಾಡಿದಿ ಅಂದ್ರು. ಆ ಗಂಡನೂ ಒಂದ ಮಾತು ಅನಲಿಲ್ಲ. ಯಾರರ ಬೈದಿದ್ರ ಛಲೋ ಇತ್ತು.”

ಅವರು ಮಗಳ ಫೋನು ಇಸಿದುಕೊಂಡು ಆ ಚಿತ್ರವನ್ನು ನಮ್ಮ ಮುಂದೆ ಹಿಡಿದರು. ಹೋಟೆಲ್ಲಿನವರ ಚೇಷ್ಟೆಗೆ ಬೇಸರವಾದದ್ದು ನಿಜ, ಆದರೆ ಮನೆಯಲ್ಲೇ ಕುಳಿತದ್ದು ಅದೊಂದಕ್ಕೇ ಅಲ್ಲ ಎಂದರು. “ಇದರಾಗ ನಾ ತಗದೀನ್ರಿ. ಅದನ್ನ ನೋಡಿಕೋತ ಕುಂತೀನಿ.”

ರೇಣುಕಾ ಸೆರಗಿನ ತುದಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅವರಿಗೂ ಈ ಸಂಗತಿ ಹೊಸದೆಂದು ಮುಖದಿಂದಲೇ ತಿಳಿಯುತ್ತಿತ್ತು. ಕೊನೆಗೆ ನಾನು, ಬೇರೆ ಮುಖ ಬರೆಸಿ ಚಿತ್ರ ಬದಲಿಸುತ್ತೇವೆ ಎಂದೆ. ಯಂಕಪ್ಪನವರು ಬೇಡವೆಂದರು. “ಮುಖ ಇರ್ಲಿ. ಕಾರಣ ಬದಲಿ ಮಾಡ್ರಿ.”

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಎರಡು ಸೋಮವಾರ ಕಂತು ಹೋಗಲಿಲ್ಲ. ಬರೆಯಲು ಕೂತರೆ ನನ್ನ ಒಂದೂವರೆ ಪುಟದ ದ್ರೋಹ ಎದುರಿಗೆ ಬರುತ್ತಿತ್ತು. ಅದನ್ನು ಬರೆಯುವಾಗ ನಾನು ಬಾಗಿಲಿನ ಹೊರಗೆ ಒಂದು ಸಲವೂ ಇಣುಕಿ ನೋಡಿರಲಿಲ್ಲ. ಮೊದಲು ಮಾಡಿದ್ದು ಕ್ಷಮೆಯ ಒಂದು ಬರಹ. ಹತ್ತು ಸಾಲು ಬರೆದು ಅನ್ನಪೂರ್ಣಳಿಗೆ ಕೊಟ್ಟೆ, ಅವಳು ಎಂಟು ಸಾಲಿಗೆ ಕೆಂಪು ಗೆರೆ ಎಳೆದಳು. ಕೊನೆಗೆ ಆದದ್ದು ಇಷ್ಟು: ‘ಭರಮನ ಚಿತ್ರದಲ್ಲಿರುವುದು ನಮ್ಮ ಕಡೆಯ ಒಬ್ಬ ಹಿರಿಯರ ಮುಖ, ಅವರನ್ನು ಕೇಳದೆ ಬಳಸಿದ್ದು ನಮ್ಮ ತಪ್ಪು. ಅವರನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ.’ ಎರಡನೆಯ ವಾಕ್ಯ ಅವಳೇ ಸೇರಿಸಿದ್ದು. ನಗುವ ಮುಖ ಒತ್ತಿದ್ದನ್ನು ಅವಳು ಆ ದಿನವೇ ನೋಡಿದ್ದಳಂತೆ.

ಆಮೇಲೆ ಕಂತು ಬರೆದೆ. ಗುಡ್ಡದ ಕೆಳಗಿನ ಪೇಟೆಯ ಜನ ವೈರಿಯ ದಂಡಿಗೆ ಹೆದರಿ ಓಡಿ ಬಂದು ಅಗಸಿಯ ಹೊರಗೆ ನಿಂತಿದ್ದಾರೆ. ಯಾರೇ ಬಂದರೂ ತೆಗೆಯಬಾರದೆಂದು ನಾಯಕನ ಅಪ್ಪಣೆ. ಒಂದು ಬಂಡಿಯಲ್ಲಿ ಹೆರಿಗೆ ನೋವಿನ ಹೆಣ್ಣುಮಗಳು. ಭರಮ ಸಂದಿಯಿಂದ ನೋಡುತ್ತಾನೆ, ಬಹಳ ಹೊತ್ತು ನೋಡುತ್ತಾನೆ, ಅಗುಳಿ ಸರಿಸುತ್ತಾನೆ. ಜನ ಒಳಗೆ ಬರುತ್ತಾರೆ. ಕೊನೆಯ ಬಂಡಿಯ ಗಾಲಿ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ, ಅದನ್ನು ಎಳೆದು ಬಾಗಿಲು ಹಾಕುವಷ್ಟರಲ್ಲಿ ವೈರಿಯ ಕುದುರೆಗಳು ಬಂದುಬಿಡುತ್ತವೆ. ಜಹಗೀರಿನ ಸುದ್ದಿ ಆಮೇಲೆ ಬದುಕಿ ಉಳಿದ ದರಬಾರಿನವರು ಹಬ್ಬಿಸಿದ್ದು. ಇದನ್ನು ಓದಿ ಮುಗಿಸಿದಾಗ ಹುಸೇನಸಾಬರು ಕಣ್ಣು ತೆರೆಯಲಿಲ್ಲ. ಹಾಗೇ ಕುಳಿತು, ಬಂಡಿಯಲ್ಲಿದ್ದ ಹೆಣ್ಣುಮಗಳು ಉಳಿದಳೇ ಎಂದು ಕೇಳಿದರು. ಅದನ್ನು ಇನ್ನೂ ಬರೆದಿಲ್ಲ ಎಂದೆ. “ಬರೀಬ್ಯಾಡ್ರಿ,” ಎಂದರು.

ಈ ಸಲ ಅವರು ನೆನಪಿನಿಂದ ಚಿತ್ರ ಬರೆಯಲಿಲ್ಲ. ಸೈಕಲ್ ಹತ್ತಿ ಯಂಕಪ್ಪನವರ ಮನೆಗೆ ಹೋಗಿ, ಕೇಳಿಕೊಂಡು, ಒಂದು ಬೆಳಗು ಪೂರ್ತಿ ಅವರ ಎದುರು ಕುಳಿತು ಬರೆದು ತಂದರು. ಅದೇ ಮುಖ, ಅದೇ ಹುಬ್ಬು. ಆದರೆ ಭರಮ ಈಗ ನಮ್ಮ ಕಡೆ ನೋಡುತ್ತಿರಲಿಲ್ಲ. ತೆರೆದ ಒಂದು ಗೇಣು ಸಂದಿಯಿಂದ ಹೊರಗಿನ ಬೆಳಕು ಅವನ ಮುಖದ ಮೇಲೆ ಬಿದ್ದಿತ್ತು. ಹಾಕುವ ಮೊದಲು ಬರಹ, ಚಿತ್ರ ಎರಡನ್ನೂ ರೇಣುಕಾ ಅವರಿಗೆ ಕಳಿಸಿ ತಂದೆಯವರಿಗೆ ಓದಿ ಹೇಳಲು ಕೇಳಿಕೊಂಡೆ. ಒಂದು ದಿನ ಕಳೆದು ಎರಡು ಪದದ ಉತ್ತರ ಬಂತು: ‘ಹಾಕ್ರಿ ಅಂತ.’

ಓದುಗರಿಗೆ ಇದು ಹಿಡಿಸಿತೆಂದು ಹೇಳಲಾರೆ. ದ್ರೋಹಿಯೊಬ್ಬನನ್ನು ಬಯ್ಯುವ ಸುಖ ಕಸಿದುಕೊಂಡದ್ದಕ್ಕೆ ಬಹಳ ಜನ ಸಿಟ್ಟಾದರು. ಗೇಟ್‌ಮನ್‌ಗಳ ಸಂಘದವರು ದುಡ್ಡು ಕೊಟ್ಟು ನನ್ನನ್ನು ಒಳಗೆ ಹಾಕಿಕೊಂಡಿದ್ದಾರೆ ಎಂದು ಒಬ್ಬರು ಬರೆದರು. ಇತಿಹಾಸವನ್ನು ತಿರುಚಬೇಡಿ ಎಂದು ಇನ್ನೊಬ್ಬರು ಎಚ್ಚರಿಸಿದರು. ನಾನೇ ಕಟ್ಟಿದ ಗುಡ್ಡದ ಇತಿಹಾಸವನ್ನು ನಾನು ತಿರುಚುವ ಹಾಗಿರಲಿಲ್ಲ. ಪುಟ ಬಿಟ್ಟು ಹೋದವರು ಬಂದವರಿಗಿಂತ ಹೆಚ್ಚು. ನನಗೆ ಬೇಸರವಾಗಲಿಲ್ಲ ಎಂದರೆ ಅನ್ನಪೂರ್ಣ ಈ ಸಾಲಿಗೂ ಗೆರೆ ಎಳೆಯುತ್ತಾಳೆ. ಬೇಸರವಾಯಿತು. ಆದರೆ ಮುಂದಿನ ವಾರ ರೇಣುಕಾ ಅವರೇ ಫೋನು ಮಾಡಿ, ಅಪ್ಪ ಹೋಟೆಲ್ಲಿಗೆ ಹೋಗಿದ್ದರು ಎಂದರು. ಒಳಗೆ ಕಾಲಿಟ್ಟ ಕೂಡಲೇ ಯಾರೋ ಎಂದಿನಂತೆ ಕೋಟೆ ಮಾರಿದವ ಬಂದ ಎಂದರಂತೆ. ಯಂಕಪ್ಪನವರು ತಮ್ಮ ಜಾಗದಲ್ಲಿ ಕುಳಿತು, ಹೌದು, ತೆಗೆದೆ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಹೇಳು ಎಂದು ಕೇಳಿದರಂತೆ. ಅವನು, ನಾನು ತೆಗೆಯುತ್ತಿರಲಿಲ್ಲ ಎಂದ. ಪಕ್ಕದವನು, ನಿನ್ನ ಹೆಂಡತಿ ಆ ಬಂಡಿಯಲ್ಲಿದ್ದರೆ ಎಂದ. ಅಲ್ಲಿಂದ ಹೋಟೆಲ್ಲು ಎರಡು ಪಾಲಾಗಿ, ಮಾಲಕ ಒಲೆ ಬಿಟ್ಟು ಬಂದು ಸೇರಿಕೊಂಡು, ಹಾಲು ಉಕ್ಕಿ ಹೋಯಿತಂತೆ. ಯಂಕಪ್ಪನವರು ಯಾವ ಪಕ್ಷವನ್ನೂ ಹಿಡಿಯದೆ ಚಹಾ ಕುಡಿದು ಬಂದರಂತೆ.

ಇದನ್ನು ಕೇಳಿದ ಮೇಲೆ ಆ ಹೋಟೆಲ್ಲನ್ನು ನೋಡದೆ ಇರಲು ನನ್ನಿಂದಾಗಲಿಲ್ಲ. ನಿಜ ಹೇಳಬೇಕೆಂದರೆ, ಅಷ್ಟು ಜನ ಜಗಳವಾಡಿದ ಕಥೆ ಬರೆದವನು ಇವನೇ ಎಂದು ಯಾರಾದರೂ ಗುರುತಿಸಲಿ ಎಂಬ ಆಸೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಯಂಕಪ್ಪನವರು ಇದ್ದರು, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಭರಮನ ವಾದ ಇನ್ನೂ ನಡೆದಿತ್ತು, ಆದರೆ ಯಾರೂ ಕಥೆಯ ಮಾತೇ ಆಡುತ್ತಿರಲಿಲ್ಲ. ಎಲ್ಲರೂ ಅದು ನಿಜವಾಗಿ ನಡೆದದ್ದೆಂದೇ ಮಾತಾಡುತ್ತಿದ್ದರು. ಎದುರಿಗಿದ್ದ ಹಿರಿಯರೊಬ್ಬರು ನನ್ನನ್ನು ತೋರಿಸಿ, ಇವರು ಯಾರು ಎಂದು ಯಂಕಪ್ಪನವರನ್ನು ಕೇಳಿದರು. ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ. “ರೈಟರ್ ಸಾಹೇಬ್ರು. ನಾ ಹೇಳಿದ್ದು ಬರಕೊಳ್ಳಾಕ ಬರತಾರ,” ಎಂದರು ಯಂಕಪ್ಪನವರು. ಹಿರಿಯರು ನನ್ನ ಕಡೆ ತಿರುಗಿ, ಸರಿಯಾಗಿ ಕೇಳಿ ಬರೆದುಕೊಳ್ಳಿ, ಈಗಿನವರು ತಮಗೆ ತಿಳಿದ ಹಾಗೆ ಏನೇನೋ ಬರೆದುಬಿಡುತ್ತಾರೆ ಎಂದು ಬುದ್ಧಿ ಹೇಳಿದರು. ಎಲ್ಲರೂ ನೋಡುತ್ತಿದ್ದರು. ನಾನು ಜೇಬಿನಿಂದ ಪೆನ್ನು ತೆಗೆದು, ಬಾಗಿಲು ಕಾಯುವವನ ಬಗ್ಗೆ ಯಂಕಪ್ಪನವರು ಅಂದು ಹೇಳಿದ್ದನ್ನೇ ಹೋಟೆಲ್ಲಿನ ಪೇಪರಿನ ಅಂಚಿನಲ್ಲಿ ಎರಡು ಸಾಲು ಬರೆದು, ಓದಿ ತೋರಿಸಿದೆ. ಯಂಕಪ್ಪನವರು ಹುಬ್ಬು ಏರಿಸಿ ಕೇಳಿ, ಒಂದು ಶಬ್ದ ತಿದ್ದಿಸಿದರು. ತಿದ್ದಿದ ಮೇಲೆ ಸಾಲು ಚೆನ್ನಾಗಿಯೇ ಆಯಿತು.